ತೌಡಿನ ಸತ್ವ

ಸರಿಯಾಗಿ ಏಳೂಕಾಲಿಗೆ ಹಂಪಯ್ಯನ ಕಿವಿಗಳು ಬೆಚ್ಚಗಾದವು. ಮೊದಲು ಕಿವಿಯ ತುದಿ, ಆಮೇಲೆ ಕೆನ್ನೆ, ಆಮೇಲೆ ಕುತ್ತಿಗೆಯಿಂದ ಇಳಿದು ಎದೆಯ ಮೇಲೆಲ್ಲ ಇರುವೆ ಹರಿದಂಥ ಉರಿ. ರಾಯಚೂರಿನ ಏಪ್ರಿಲ್ ತಿಂಗಳಿನಲ್ಲಿ ಮೈ ಉರಿಯುವುದಕ್ಕೆ ಮಾತ್ರೆಯೇ ಬೇಕೆಂದಿಲ್ಲ, ಬಾಗಿಲು ತೆರೆದರೆ ಸಾಕು. ಆದರೆ ಈ ಉರಿ ಬೇರೆ. ಇದು ಅವನು ಓದಿ, ತಿಳಿದು, ತಾನಾಗಿ ಹಚ್ಚಿಕೊಂಡದ್ದು. ನಾಷ್ಟಾ ಮುಗಿಸಿ, ಒಳ್ಳೆಯ ಕೊಲೆಸ್ಟ್ರಾಲು ಏರಿಸುವ ನಿಯಾಸಿನ್ ಮಾತ್ರೆ ನುಂಗಿದ ಅರ್ಧ ತಾಸಿಗೆ ಅದು ತಪ್ಪದೆ ಬರುತ್ತಿತ್ತು, ಮುಕ್ಕಾಲು ತಾಸಿಗೆ ತಪ್ಪದೆ ಇಳಿಯುತ್ತಿತ್ತು. ಅಷ್ಟು ಹೊತ್ತು ಅವನು ಗೋಡೆಯ ಕನ್ನಡಿಯ ಮುಂದೆ ತಲೆ ಬಾಚಿದ್ದನ್ನೇ ಬಾಚುತ್ತ, ಕರ್ರಗಿನ ಮುಖದೊಳಗಿಂದ ಏಳುವ ತಾಮ್ರದ ಬಣ್ಣವನ್ನು ನೋಡಿಕೊಳ್ಳುತ್ತಿದ್ದ. ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಗೋಪಮ್ಮ ತಿರುಗಿಯೂ ನೋಡದೆ, “ಬಂತೇನು ದೇವರು ಮೈಮ್ಯಾಲೆ?” ಎಂದಳು. ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟರೆ ಇನ್ನೊಂದು ದೇವರಿಲ್ಲದ ಮನೆಯಲ್ಲಿ ಅದು ದಿನದ ತಮಾಷೆ. “ದೇವರಲ್ಲ ಬೇ, ವಿಜ್ಞಾನ,” ಎಂದು ಅವನೂ ದಿನದ ಉತ್ತರವನ್ನೇ ಕೊಟ್ಟ. ಒಂದೂವರೆ ವರ್ಷದಲ್ಲಿ ಅವನ ಒಳ್ಳೆಯ ಕೊಲೆಸ್ಟ್ರಾಲು ಮೂವತ್ತೊಂದರಿಂದ ನಲವತ್ತೆಂಟಕ್ಕೆ ಏರಿತ್ತು. ತಾನೇ ರಕ್ತ ತೆಗೆದುಕೊಂಡು, ತಾನೇ ಮಶೀನಿಗೆ ಹಾಕಿ, ತಾನೇ ಸಹಿ ಮಾಡಿದ ಆ ಕಾಗದ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು.

ಹೆಮ್ಮೆ ಪಡುವುದಕ್ಕೆ ಹಂಪಯ್ಯನಿಗೆ ಬೇರೆ ಕಾರಣಗಳೂ ಇದ್ದವು, ಅವನು ಅವನ್ನು ಮರೆಯುವ ಪೈಕಿಯಲ್ಲ. ದೇವದುರ್ಗ, ಮಾನ್ವಿ, ರಾಯಚೂರು ಎಂದು ಮೂರು ಊರಿನ ಸರಕಾರಿ ದವಾಖಾನೆಗಳಲ್ಲಿ ಮೂವತ್ತಮೂರು ವರ್ಷ ರಕ್ತ ತೆಗೆದಿದ್ದ. ನಿವೃತ್ತಿಯಾದ ಮೇಲೆ ಡಾಕ್ಟರ್ ಉಮಾಶ್ರೀ ತಮ್ಮ ದವಾಖಾನೆಯ ಲ್ಯಾಬಿಗೆ ತಾವಾಗಿ ಕರೆದರು. ಇಂದಿಗೂ ಹಳ್ಳಿಯಿಂದ ಬಂದವರು ಕೌಂಟರಿನಲ್ಲಿ, “ಹಂಪಯ್ಯನವರು ಅದಾರೇನು? ಇಲ್ಲಾಂದ್ರ ನಾಳಿ ಬರ್ತೀವಿ,” ಎನ್ನುತ್ತಿದ್ದರು. ಅವನು ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂಬುದು ಒಂದು ಮಾತು. ಅವನ ರಿಪೋರ್ಟು ಸುಳ್ಳಾಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಅನುಮಾನ ಬಂದರೆ ಎರಡನೇ ಸಲ ಹಾಕುತ್ತಿದ್ದ, ಮೂರನೇ ಸಲವೂ ಹಾಕುತ್ತಿದ್ದ, ರೋಗಿ ಎಷ್ಟು ಬೈದರೂ ಬೈಸಿಕೊಳ್ಳುತ್ತಿದ್ದ. ಇಡೀ ಜಿಲ್ಲೆಯ ದೊಡ್ಡವರು ಸಣ್ಣವರೆಲ್ಲ ತನ್ನ ಮುಂದೆ ತೋಳು ಚಾಚಿದ್ದಾರೆ, ಎಲ್ಲರದೂ ಕೆಂಪೇ ಇತ್ತು ಎಂದು ಅವನು ಒಮ್ಮೊಮ್ಮೆ ಮಗಳಿಗೆ ಹೇಳುವುದಿತ್ತು. ಮಗಳು ಮೌನೇಶ್ವರಿ ಈಗ ದೇವದುರ್ಗದ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂರುತ್ತಾಳೆ. ಅದೇ ಕಟ್ಟಡದಲ್ಲಿ ಅಪ್ಪನಿಗೆ ಮೊದಮೊದಲು ನೀರಿನ ಲೋಟ ಬೇರೆ ಇಡುತ್ತಿದ್ದರು.

ಎಂಟೂಕಾಲಿಗೆ ಲ್ಯಾಬಿಗೆ ಜಂಬಣ್ಣ ಬಂದ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವನು, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಬೆಳಗಿನ ಪೂಜೆ ಮುಗಿಸಿ, ಪ್ರಸಾದವನ್ನೂ ಬಾಯಿಗೆ ಹಾಕದೆ, ಖಾಲಿ ಹೊಟ್ಟೆಯಲ್ಲಿ ಕಾರು ಹತ್ತಿ ಬಂದಿದ್ದ. “ಶರಣ್ರೀ ಹಂಪಯ್ಯನವರ,” ಎಂದು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಿಚಿದ. “ಹ್ಯಾಂಗದೀರ್ರೀ?” ಎಂದು ಹಂಪಯ್ಯ ರಬ್ಬರಿನ ಪಟ್ಟಿ ಕಟ್ಟಿದ. “ಒಂದೀಟು ಸುಸ್ತು. ಉಣ್ಣಾಕ ಮನಸಾಗವಲ್ದು. ಬಿಸಿಲಿಗಿರಬೇಕು ಬಿಡ್ರಿ.” ಬಿಸಿಲಿಗೇ ಇರಬೇಕೆಂದು ಹಂಪಯ್ಯನೂ ಅಂದುಕೊಂಡ, ಅಂದುಕೊಳ್ಳುವಾಗ ಬೆರಳು ನರವನ್ನು ಹುಡುಕುತ್ತಿತ್ತು. ಈ ನರ ಅವನಿಗೆ ಹಳೆಯ ಪರಿಚಯ. ದೇವದುರ್ಗದಲ್ಲಿ ಜಂಬಣ್ಣನ ಹೆಂಡತಿಯ ತವರು. ಮದುವೆಯಾದ ಹೊಸದರಲ್ಲಿ ಅಳಿಯನಿಗೆ ಅಲ್ಲೇ ಮಲೇರಿಯ ಬಂದಿತ್ತು, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹಂಪಯ್ಯ ಪೆಟ್ಟಿಗೆ ಹಿಡಿದುಕೊಂಡು ಮನೆಗೇ ಹೋಗಿದ್ದ. ಜ್ವರದಲ್ಲಿ ನಡುಗುತ್ತಿದ್ದವನ ತೋಳಿನಿಂದ ಸೂಜಿ ಹೊರಗೆಳೆದು ಹತ್ತಿ ಇಟ್ಟು ಒತ್ತಿದ್ದೇ ತಡ, ಜಂಬಣ್ಣ ಕಣ್ಣು ತೆರೆಯದೆ, “ಬಿಡು, ನಾನ ಹಿಡ್ಕೋತೀನಿ,” ಎಂದಿದ್ದ. ಅಷ್ಟೆ. ಬೈದಿರಲಿಲ್ಲ, ಮುಖ ಸಿಂಡರಿಸಿರಲಿಲ್ಲ. ಆಮೇಲೆ ಅಂಗಳದಲ್ಲಿ ಚಪ್ಪಲಿ ಹುಡುಕುವಾಗ ಒಳಗೆ ತೋಳಿಗೆ ನೀರು ಹಾಕಿದ ಸದ್ದು ಕೇಳಿತ್ತು. ಆ ತಂಬಿಗೆಯ ಸದ್ದನ್ನು ಹಂಪಯ್ಯ ಹೆಂಡತಿಗೂ ಹೇಳಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಜಂಬಣ್ಣ ಬದಲಾಗಿದ್ದ, ಕಾಲ ಬದಲಾಗಿತ್ತು, ನೀನು ಹೋಗಿ ನೀವು ಬಂದಿತ್ತು, ಬೇರೆ ಯಾರೂ ಅವನ ರಕ್ತ ತೆಗೆಯುವ ಹಾಗಿರಲಿಲ್ಲ. ಆದರೂ ಸೂಜಿ ಹೊರಬಂದ ಕೂಡಲೆ ಅವನ ಇನ್ನೊಂದು ಕೈ ತಾನಾಗಿ ಬಂದು ಹತ್ತಿಯನ್ನು ಹಿಡಿಯುತ್ತಿತ್ತು. ಅದು ಬರೀ ರೂಢಿ ಎಂದು ಹಂಪಯ್ಯನಿಗೂ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ತನ್ನ ಹೆಬ್ಬೆರಳನ್ನು ಒಂದು ಕ್ಷಣ ಮೊದಲೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

ಅಂಥ ಜಂಬಣ್ಣ ಎಂಟು ತಿಂಗಳ ಹಿಂದೆ ಒಂದು ದಿನ, “ಡಾಕ್ಟರ್ ಕೊಟ್ಟ ಮಾತ್ರಿ ತಿಂದ್ರೂ ಈ ಒಳ್ಳೇದು ಅನ್ನೋದು ಏರವಲ್ದಲ್ರೀ, ನಿಮ್ದು ಹ್ಯಾಂಗ ಏರ್ತು?” ಎಂದು ಕೇಳಿದಾಗ ಹಂಪಯ್ಯನ ಎದೆ ಅರಳಿದ್ದರಲ್ಲಿ ಆಶ್ಚರ್ಯವೇನು? ಗಿರಣಿಯ ಧಣಿ ತನ್ನ ಕೈಯಿಂದ ಔಷಧ ಬೇಡಿದ್ದ. ಹಂಪಯ್ಯ ಅಂದು ಒಬ್ಬ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದ. “ನಿಮ್ಮ ಗಿರಣ್ಯಾಗ ಅಕ್ಕಿ ಬೆಳ್ಳಗ ಮಾಡಬೇಕಂತ ತೌಡು ತಗದು ದನಕ್ಕ ಹಾಕ್ತೀರಲ್ರೀ, ಆ ತೌಡಿನಾಗಿನ ಸತ್ವನ ಇದು. ವಿಟಮಿನ್. ಇದಕ್ಕ್ಯಾಕ ಅಂಜಬೇಕು?” ಜಂಬಣ್ಣ ತೊಡೆ ತಟ್ಟಿ ನಕ್ಕಿದ್ದ, ಜನ್ಮವಿಡೀ ತೌಡು ಮಾರಿದವನಿಗೆ ಇಷ್ಟು ಗೊತ್ತಿರಲಿಲ್ಲವಲ್ಲ ಎಂದು. ತೌಡಿನಲ್ಲಿರುವುದು ಚಿಟಿಕೆಯಷ್ಟು, ತಾನು ಕೊಡುತ್ತಿರುವುದು ಅದರ ನೂರು ಪಟ್ಟು ಎಂಬುದನ್ನು ಹಂಪಯ್ಯ ಹೇಳಲಿಲ್ಲ. ಆಗ ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಆ ಗಿರಣಿಯಲ್ಲಿಯೇ, ಜಂಬಣ್ಣನ ಅಪ್ಪನ ಕಾಲದಲ್ಲಿ, ಹಂಪಯ್ಯನ ತಾಯಿ ಮೊರ ಹಿಡಿದು ತೌಡಿನಿಂದ ನುಚ್ಚು ಬೇರೆ ಮಾಡುತ್ತಿದ್ದಳು, ಸಂಜೆ ಮನೆಗೆ ಬಂದರೆ ಹುಬ್ಬು ರೆಪ್ಪೆಯೆಲ್ಲ ಬೂದಿ ಬಣ್ಣ. ಆ ಬಣ್ಣದಿಂದ ಈ ಮಾತಿನವರೆಗೆ ಬಂದ ದಾರಿಯನ್ನು ಅವನು ನೆನೆಯುತ್ತಿದ್ದ, ಅಂಥ ಹೊತ್ತಿನಲ್ಲಿ ಯಾರು ಗ್ರಾಮಿನ ಲೆಕ್ಕ ಹೇಳುತ್ತಾರೆ? ಏಳುವಾಗ ಮಾತ್ರ, “ಮೇಡಂ ಮುಂದ ಹೇಳಬ್ಯಾಡ್ರಿ, ನಮ್ಮನಮ್ಮೊಳಗ ಇರ್ಲಿ,” ಎಂದ. ಜಂಬಣ್ಣ ಎದೆಯ ಕರಡಿಗೆ ಮುಟ್ಟಿಕೊಂಡು, “ಲಿಂಗದ ಆಣಿ, ಮಾತಂದ್ರ ಮಾತು,” ಎಂದಿದ್ದ. ನಾಲ್ಕು ತಿಂಗಳಾದ ಮೇಲೆ, ತನ್ನ ಮುಖ ಕೆಂಪಾಗುವುದನ್ನು ಕಂಡು ಹಮಾಲರೆಲ್ಲ ಧಣಿ ಯಾರ ಮೇಲೆ ಸಿಟ್ಟಾಗಿದ್ದಾರೆಂದು ಪಿಸುಗುಡುತ್ತಾರೆ ಎಂದು ಅವನು ಹೇಳಿದಾಗ, ಹಂಪಯ್ಯ ನಿಧಾನಕ್ಕೆ ಕರಗುವ ಜಾತಿಯ ಮಾತ್ರೆಗೆ ಬದಲಾಯಿಸಿಕೊಟ್ಟ. ಪ್ರಮಾಣ ಮಾತ್ರ ಮೊದಲಿನದೇ, ದಿನಕ್ಕೆ ಎರಡು ಗ್ರಾಂ. ಉರಿ ನಿಂತಿತು. ಅದೂ ಹಂಪಯ್ಯನ ಬುದ್ಧಿವಂತಿಕೆಯ ಲೆಕ್ಕಕ್ಕೇ ಸೇರಿತು.

ಗರಗರ ತಿರುಗಿ ನಿಂತ ಮಶೀನಿನಿಂದ ಜಂಬಣ್ಣನ ಟ್ಯೂಬು ತೆಗೆದು ಹಂಪಯ್ಯ ಕಿಟಕಿಯ ಬೆಳಕಿಗೆ ಹಿಡಿದ. ಕೆಳಗೆ ರಕ್ತ ಕೂತು ಮೇಲೆ ತಿಳಿ ನಿಂತಿರುತ್ತದೆ. ಹುಲ್ಲಿನ ಬಣ್ಣಕ್ಕಿರಬೇಕಾದ ಆ ತಿಳಿ ಇಂದು ಅರಿಸಿನದ ಕಡೆಗೆ ಒಂದು ಕೂದಲೆಳೆಯಷ್ಟು ವಾಲಿತ್ತು. ಬೇರೆ ಯಾರೂ ಅದನ್ನು ಕಾಣುತ್ತಿರಲಿಲ್ಲ. ಅವನು ಕಂಡ, ಮತ್ತು ಕಂಡದ್ದಕ್ಕೆ ಮೊದಲು ಬಂದದ್ದು ತನ್ನ ಕಣ್ಣಿನ ಬಗ್ಗೆ ಹೆಮ್ಮೆ, ಅದರ ಬೆನ್ನಿಗೆ ಅಂಜಿಕೆ. ಒಳ್ಳೆಯ ಕೊಲೆಸ್ಟ್ರಾಲು ನಲವತ್ತೇಳು, ಮೊದಲಿಗಿಂತ ಹದಿನಾಲ್ಕು ಹೆಚ್ಚು, ಭಲೆ. ಲಿವರಿನ ಅಂಕಿ ನೂರಾ ಅರವತ್ತೆಂಟು, ನಲವತ್ತರೊಳಗೆ ಇರಬೇಕಾದ್ದು. ಖಾಲಿ ಹೊಟ್ಟೆಯ ಸಕ್ಕರೆ ನೂರಾ ಮೂವತ್ತೆಂಟು, ಹೋದ ವರ್ಷ ನೂರಾ ನಾಲ್ಕಿತ್ತು. ಎರಡನೇ ಸಲ ಹಾಕಿದ. ನೂರಾ ಅರವತ್ತಾರು. ಮೂರನೇ ಸಲ ಹಾಕುವಾಗ ಮಶೀನಿನ ಮೇಲೆ ಅನುಮಾನವಿರಲಿಲ್ಲ, ಬರೀ ಹೊತ್ತು ಬೇಕಾಗಿತ್ತು. ಹೋದ ತಿಂಗಳು ಮೌನೇಶ್ವರಿ ಫೋನಿನಲ್ಲಿ ಜಗಳವಾಡಿದ್ದು ಆಗ ಕಿವಿಯಲ್ಲೇ ಕೇಳಿಸಿತು. “ಯಪ್ಪಾ, ಅದನ್ನ ಬಿಡು. ಸಾವಿರಾರು ಮಂದಿಗೆ ವರ್ಷಗಟ್ಲೆ ಕೊಟ್ಟು ನೋಡ್ಯಾರ. ಅಂಕಿ ಏರ್ತದ, ಖರೆ. ಆದ್ರ ಬರೋ ಹಾರ್ಟ್ ಅಟ್ಯಾಕ್ ಕಡಿಮಿ ಆಗಿಲ್ಲ, ಸಾಯೋದೂ ಕಡಿಮಿ ಆಗಿಲ್ಲ. ಮ್ಯಾಲೆ ಸಕ್ಕರಿ ಏರ್ತದ, ಲಿವರ್ ಕೆಡ್ತದ. ಕಾಗದ ಚಂದ ಆಗ್ತದ ಅಷ್ಟ, ಮನಷ್ಯಾ ಚಂದ ಆಗಂಗಿಲ್ಲ.” ಅವನು, “ನೀ ಹುಟ್ಟೂಕಿಂತ ಮದಲ ರಕ್ತ ನೋಡ್ದಾವ ನಾನು,” ಎಂದು ಫೋನು ಇಟ್ಟಿದ್ದ. ಇಟ್ಟು, ಮಗಳು ಇಷ್ಟೆಲ್ಲ ತಿಳಿದಿದ್ದಾಳೆಂದು ಗೋಪಮ್ಮನ ಮುಂದೆ ಹೇಳಿ ಬೀಗಿದ್ದ. ಅವಳ ಮಾತು ಮಾತ್ರ ಕಿವಿಯ ಹೊರಗೇ ಉಳಿದಿತ್ತು. ಮಗಳು ತೌಡು ಕುಟ್ಟಿದ ಹಾಗಾಗಿತ್ತು. ಮೂರನೇ ಅಂಕಿ ಬಂತು, ನೂರಾ ಅರವತ್ತೇಳು. ಅವನು ರಿಪೋರ್ಟು ಬರೆದು ಸಹಿ ಮಾಡಿದ. ಇದರಲ್ಲಿ ಇರುವುದೆಲ್ಲ ಸತ್ಯ, ಕಾರಣ ಹುಡುಕುವುದು ಡಾಕ್ಟರ ಕೆಲಸ, ನನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂದು ಮನಸ್ಸಿನಲ್ಲಿಯೇ ವಾದ ಹೂಡಿ, ವಾದ ಗೆದ್ದು, ಗೆದ್ದ ಮೇಲೂ ಪೆನ್ನಿನ ಮುಚ್ಚಳ ಹಾಕಲು ಕೈ ಬರಲಿಲ್ಲ.

ಡಾಕ್ಟರ್ ಉಮಾಶ್ರೀಯವರದು ಒಳ್ಳೆಯ ಕೈಗುಣ, ಆದರೆ ಗಂಟಲು ಸಂತೆಯದು. ಅವರ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ. ಪರದೆಯ ಈಚೆ ಉದ್ದನೆಯ ಬೆಂಚಿನ ಮೇಲೆ ಹನ್ನೆರಡು ಜನ. ಹಂಪಯ್ಯ ಇನ್ನೊಬ್ಬರ ರಿಪೋರ್ಟು ಹಿಡಿದು ಪರದೆಯ ಹತ್ತಿರ ನಿಂತಿದ್ದ, ನಿಲ್ಲುವ ಅಗತ್ಯವೇನೂ ಇರಲಿಲ್ಲ. “ಲಿವರ್ ಯಾಕ್ರೀ ಇಷ್ಟು ಏರ್ಯಾದ? ಬ್ಯಾರೆ ಏನರ ಮಾತ್ರಿ, ನಾಟಿ ಔಷಧ ತಗೋಳಾಕತ್ತೀರೇನು?” ಎಂದು ಡಾಕ್ಟರು ಕೇಳಿದರು. ಜಂಬಣ್ಣ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಪರದೆಯ ಸಂದಿಯಲ್ಲಿ ಅವನ ಬಲಗೈ ಕರಡಿಗೆಯ ಮೇಲೆ ಹೋಗಿ ಕೂತದ್ದು ಹಂಪಯ್ಯನಿಗೆ ಕಂಡಿತು. “ಮತ್ತ ಕುಡಿಯೋದು? ಖರೆ ಹೇಳ್ರಿ, ನಾ ಯಾರ ಮುಂದೂ ಹೇಳಂಗಿಲ್ಲ,” ಎಂದರು ಅವರು, ಹನ್ನೆರಡು ಜನರಿಗೂ ಕೇಳುವ ಹಾಗೆ. “ಮೇಡಂ, ಲಿಂಗ ಕಟ್ಟಿದ ಮೈ ಇದು.” “ಲಿಂಗ ಕಟ್ಟಿದವ್ರೂ ಕುಡೀತಾರ್ರೀ, ದಿನಾ ನೋಡ್ತೀನಿ. ರಕ್ತ ಸುಳ್ಳ ಹೇಳಂಗಿಲ್ಲ. ಅದೂ ನಮ್ಮ ಹಂಪಯ್ಯನವರು ಮೂರು ಸಲ ನೋಡಿದ ರಕ್ತ.” ಬೆಂಚಿನ ಮೇಲೆ ಒಬ್ಬ ಕಿಸಕ್ಕೆಂದ. ಇನ್ನೊಬ್ಬ, ಮಾನ್ವಿಯವನೇ ಇರಬೇಕು, ಪಕ್ಕದವನ ಕಿವಿಯಲ್ಲಿ ಗಿರಣಿ ಅಂದ, ಧಣಿ ಅಂದ. ಜಂಬಣ್ಣ ಮಾತ್ರ ತಲೆ ತಗ್ಗಿಸಿ ಕೂತ. ಎರಡು ಶಬ್ದ ಹೇಳಿದರೆ ಸಾಕಿತ್ತು, ಹಂಪಯ್ಯ ಕೊಟ್ಟ ಎಂದರೆ ಮುಗಿದುಹೋಗುತ್ತಿತ್ತು. ಅವನು ಕುಡುಕನಾದ, ಮಾತು ಮುರಿಯಲಿಲ್ಲ.

ಹಂಪಯ್ಯನ ಕಿವಿಗಳು ಬಿಸಿಯಾದವು. ಬೆಳಗಿನ ಮಾತ್ರೆಯ ಉರಿ ಇಳಿದು ಎಷ್ಟೋ ಹೊತ್ತಾಗಿತ್ತು. ಇದು ಬೇರೆಯದು, ಇದನ್ನು ಅವನು ಹಚ್ಚಿಕೊಂಡದ್ದಲ್ಲ. ತನ್ನ ಹೆಸರನ್ನು ಸತ್ಯಕ್ಕೆ ಸಾಕ್ಷಿಯಾಗಿ ಅವರು ಎತ್ತಿದ್ದು, ಆ ಹೆಸರಿಟ್ಟುಕೊಂಡು ಒಬ್ಬನ ಮಾನ ತೆಗೆದದ್ದು, ಅದನ್ನು ಕೇಳುತ್ತ ತಾನು ಪರದೆಯ ಈಚೆ ನಿಂತದ್ದು. ಬೇಕಾದರೆ ಇಲ್ಲೇ ಸುಮ್ಮನೆ ನಿಲ್ಲಬಹುದು ಎಂದು ಒಳಗೊಂದು ದನಿ ಹೇಳಿತು. ತಂಬಿಗೆಯ ನೀರಿನ ಸದ್ದು ನೆನಪಿದೆಯಲ್ಲ, ಅದಕ್ಕೆ ಇದು ಸರಿ ಹೋಯಿತು ಎನ್ನಬಹುದು. ಅಂಥ ಯೋಚನೆ ಬಂತೆಂಬುದಕ್ಕೇ ಅವನಿಗೆ ನಾಚಿಕೆಯಾಯಿತು. ಒಳಗೆ ಹೋದರೆ ನಾಳೆಯಿಂದ ಈ ಬೆಂಚಿನವರೆಲ್ಲ ಬೇರೆ ಕಣ್ಣಿನಿಂದ ನೋಡುತ್ತಾರೆ, ರಕ್ತ ತೆಗೆಯುವವನು ಡಾಕ್ಟರಾಗಲು ಹೋದ ಎಂದು ನಗುತ್ತಾರೆ, ಕೇರಿಯವನೆಂದು ಇನ್ನೂ ಒಂದು ಮಾತು ಸೇರಿಸಿ ನಗುವವರೂ ಇದ್ದಾರೆ. ಮೂವತ್ತಮೂರು ವರ್ಷ ಒಂದೊಂದೇ ತೋಳಿನಿಂದ ಗಳಿಸಿದ್ದು ಒಂದು ಪರದೆ ಸರಿಸುವಷ್ಟರಲ್ಲಿ ಹೋಗುತ್ತದೆ. ಹೋಗಲಿ. ಕಾರಣ ಮುಚ್ಚಿಟ್ಟ ಸತ್ಯಕ್ಕೆ ಅವನ ಸಹಿ ಬೇಡ. ಅವನು ಪರದೆ ಸರಿಸಿದ, ಸರಿಸಿದ ಮೇಲೆ ಮತ್ತೆ ಎಳೆಯಲಿಲ್ಲ. ಬೆಂಚಿನವರಿಗೂ ಕೇಳಬೇಕಾಗಿತ್ತು.

“ಅವ್ರು ಕುಡಿಯಂಗಿಲ್ರೀ ಮೇಡಂ. ನಾ ಮಾತ್ರಿ ಕೊಟ್ಟೀನಿ. ನಿಯಾಸಿನ್, ದಿನಕ್ಕ ಎರಡು ಗ್ರಾಂ, ಎಂಟು ತಿಂಗಳಾತು.”

ಡಾಕ್ಟರು ಕನ್ನಡಕ ತೆಗೆದರು. “ಯಾವ ನಮೂನಿದು?”

“ನಿಧಾನ ಕರಗೋದು. ಮದಲ ಬ್ಯಾರೆ ಇತ್ತು. ಮುಖ ಕೆಂಪ ಆಗ್ತದಂದ್ರು, ನಾನ ಬದ್ಲಿ ಮಾಡಿಸ್ದೆ.”

“ನಿಧಾನ ಕರಗೋದ ಲಿವರಿಗೆ ಹೆಚ್ಚು ಕೆಟ್ಟದ್ದು. ಮುಖ ಕೆಂಪಾಗೋದು ನಿಲ್ಲಿಸಾಕ ಹೋಗಿ ಒಳಗ ಸುಟ್ರಲ್ಲ ಮಾರಾಯ್ರಾ! ನಾವೂ ಒಂದು ಕಾಲದಾಗ ಬರೀತಿದ್ವಿ. ಒಳ್ಳೇದು ಏರ್ಸಾಕಂತ ಈಗ ಯಾರೂ ಬರಿಯಂಗಿಲ್ಲ, ಅದ್ರಿಂದ ಎದಿಗೆ ಏನೂ ಲಾಭ ಇಲ್ಲಂತ ಗೊತ್ತಾಗ್ಯದ. ಅಪರೂಪಕ್ಕ ಕೊಡೋದಿದ್ರೂ ತಿಂಗಳು ತಿಂಗಳು ಲಿವರ್ ನೋಡ್ಬೇಕು, ಸಕ್ಕರಿ ನೋಡ್ಬೇಕು. ವಿಟಮಿನ್ ಅಂದ್ರ ಪುಟಾಣಿ ಅಂತ ತಿಳ್ಕೊಂಡ್ರೇನು? ಹಂಪಯ್ಯನವರ, ರಕ್ತ ತಗಿಯೋದು ನಿಮ್ಮ ಕೆಲ್ಸ. ಮಾತ್ರಿ ಬರಿಯೋದು ನನ್ನ ಕೆಲ್ಸ.”

“ಹೌದ್ರಿ. ಅದ್ನೂ ಅವರ ಚೀಟ್ಯಾಗ ಬರೀರಿ. ಹಂಪಯ್ಯ ಕೊಟ್ಟ, ಯಾರಿಗೂ ಹೇಳಬ್ಯಾಡ ಅಂದ ಅಂತ ಬರೀರಿ.”

ಬೆಂಚಿನ ಮೇಲೆ ಈಗ ಯಾರೂ ನಗಲಿಲ್ಲ. ಡಾಕ್ಟರು ಜಂಬಣ್ಣನ ಕಡೆ ತಿರುಗಿ, “ತಪ್ಪಾತ್ರಿ ಯಜಮಾನ್ರ, ನಾ ಹಂಗ ಕೇಳಬಾರದಿತ್ತು. ಇವತ್ತ ಬಂದ್ ಮಾಡ್ರಿ. ಬರೋ ವಾರ ಮತ್ತ ರಕ್ತ ನೋಡೋಣ. ಇಷ್ಟಕ್ಕ ಬಿಟ್ರ ಹೆಚ್ಚಿನ ಮಂದೀದು ತಿರುಗಿ ಇಳೀತದ,” ಎಂದರು. ಆಮೇಲೆ ಚೀಟಿ ಬರೆಯುತ್ತ ಬರೆಯುತ್ತ, ತಲೆ ಎತ್ತದೆ, “ನೀವೂ ತಿನ್ನಾಕತ್ತೀರಲ್ಲ? ನಿಮ್ಮ ಲಿವರ್ ನೋಡೀರೇನು?” ಎಂದರು. ಹಂಪಯ್ಯ ಜೇಬಿನೊಳಗಿನ ನಾಲ್ಕು ಮಡಿಕೆಯ ಕಾಗದ ಮುಟ್ಟಿ ನೋಡಿಕೊಂಡ. ಅದರಲ್ಲಿ ಏರಬೇಕಾದ ಅಂಕಿಯನ್ನಷ್ಟೇ ನೋಡಿದ್ದ. ಬೇರೆಯವರ ರಕ್ತವನ್ನು ಮೂರು ಸಲ ನೋಡುವವನು ತನ್ನದನ್ನು ಒಂದು ಸಲವೂ ಪೂರ್ತಿ ನೋಡಿರಲಿಲ್ಲ.

ಲ್ಯಾಬಿನವರೆಗೆ ಜಂಬಣ್ಣ ಹಿಂದೆಯೇ ಬಂದ. ಬರುವಾಗ ಅವನ ಉಸಿರು ಜೋರಾಗಿತ್ತು. “ಲಿಂಗ ಮುಟ್ಟಿ ಕೊಟ್ಟ ಮಾತು ಉಳಿಸ್ಕೊಂಡಿದ್ದೆ. ಊರ ಮಂದಿ ಮುಂದ ಕುಡುಕ ಅನ್ನಿಸ್ಕೊಂಡ್ರೂ ಉಳಿಸ್ಕೊಂಡಿದ್ದೆ. ನೀವ ಮುರದ್ರಲ್ರೀ!” ಎಂದ. ಅವನಿಗೆ ಲಿವರು ಕೆಟ್ಟದ್ದಕ್ಕಿಂತ ಮಾತು ಮುರಿದದ್ದರ ಸಿಟ್ಟೇ ಹೆಚ್ಚಿದ್ದ ಹಾಗಿತ್ತು. ಹಂಪಯ್ಯನಿಗೆ ಅಳು ಬರುವ ಹಾಗಾಯಿತು, ಆದರೆ ಬೆನ್ನು ನೆಟ್ಟಗೇ ಇತ್ತು. “ಮಾತು ಕೊಟ್ಟವ್ರು ನೀವು, ತಗೊಂಡವ ನಾನು. ತಗೊಂಡವ ಬಿಟ್ಟುಕೊಟ್ರ ಮಾತು ಮುರಿಯಂಗಿಲ್ರಿ. ನಿಮ್ಮ ಮಾತು ಹಂಗ ಅದ. ತಪ್ಪು ನಂದು. ತೌಡಿನ ಸತ್ವ ಅಂತ ಅಂದೆ, ತೌಡಿಗಿಂತ ನೂರು ಪಟ್ಟು ಅಂತ ಹೇಳ್ಲಿಲ್ಲ. ನೀವು ನನ್ನ ಕೇಳೀರಿ ಅನ್ನೋ ಸೊಕ್ಕು ನನಗ.” ಜಂಬಣ್ಣ ಹೋಗಲಿಲ್ಲ. ಗೋಡೆಗೆ ಆತು ನಿಂತ.

ಹಂಪಯ್ಯ ರೋಗಿಗಳ ಕುರ್ಚಿಯಲ್ಲಿ ಕೂತ. ಜತೆಗೆ ಕೆಲಸ ಮಾಡುವ ಸುಜಾತಾ, ನಲವತ್ತು ದಾಟಿದ ಗಟ್ಟಿ ಹೆಂಗಸು, ಒಂದು ಕ್ಷಣ ಕಕ್ಕಾಬಿಕ್ಕಿಯಾದಳು. ಇಷ್ಟು ವರ್ಷ ಅವನು ತನ್ನ ರಕ್ತವನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. “ತಗೀರಿ. ಲಿವರ್, ಸಕ್ಕರಿ, ಎಲ್ಲಾ ಹಾಕ್ರಿ. ಅನುಮಾನ ಬಂದ್ರ ಮೂರು ಸಲ ಹಾಕ್ರಿ. ಉಂಡೀನಿ ಅಂತ ಸಕ್ಕರಿ ಮುಂದ ಬರೀರಿ. ಸಹಿ ನೀವ ಮಾಡ್ರಿ,” ಎಂದು ತೋಳು ಚಾಚಿದ. ಆ ಕುರ್ಚಿಯಿಂದ ಸೂಜಿ ಎಷ್ಟು ಉದ್ದ ಕಾಣುತ್ತದೆಂದು ಅವನಿಗೆ ಅರವತ್ತೊಂದನೇ ವಯಸ್ಸಿಗೆ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡ. ಏನು ಬರುತ್ತದೋ ಬರಲಿ, ಬಂದದ್ದನ್ನು ಮಡಚದೆ ಗೋಪಮ್ಮನಿಗೆ ತೋರಿಸುವುದು, ಮಗಳಿಗೆ ಫೋನು ಮಾಡಿ ನೀನೇ ಗೆದ್ದೆ ಎನ್ನುವುದು. ಹಾಗೆನ್ನುವಾಗ ತನ್ನ ದನಿಯಲ್ಲಿ ಸೋಲಿಗಿಂತ ಹೆಮ್ಮೆಯೇ ಹೆಚ್ಚು ಕೇಳಿಸುತ್ತದೆಂದು ಈಗಲೇ ಗೊತ್ತಿತ್ತು. ಸೂಜಿ ಹೊರಗೆ ಬಂತು. ಸುಜಾತಾ ಹತ್ತಿ ಇಟ್ಟು ಟ್ಯೂಬಿಗೆ ಹೆಸರು ಬರೆಯಲು ತಿರುಗಿದಳು. ಹತ್ತಿ ಜಾರಲಿಲ್ಲ. ಅದರ ಮೇಲೆ ದಪ್ಪನೆಯ ಹೆಬ್ಬೆರಳೊಂದು ಬಂದು ಒತ್ತಿ ನಿಂತಿತ್ತು, ಉಗುರಿನ ಸಂದಿಯಲ್ಲಿ ವಿಭೂತಿ ಇದ್ದ ಹೆಬ್ಬೆರಳು. ಹಂಪಯ್ಯ ಕಣ್ಣು ತೆರೆದು ನೋಡಿದ, ಗಾಬರಿಯಲ್ಲಿ ಇನ್ನೊಂದು ಕೈ ತಂದ.

“ಬಿಡ್ರಿ, ನಾನ ಹಿಡ್ಕೋತೀನಿ.”

“ಸುಮ್ನ ಕೂಡ್ರಿ,” ಎಂದ ಜಂಬಣ್ಣ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ, ಮತ್ತು ಇನ್ನಷ್ಟು ಒತ್ತಿ ಹಿಡಿದ.